ಐಸ್ ಇಲ್ಲದ ಊರಲ್ಲಿ ಕೂತು ಫಿಗರ್ ಸ್ಕೇಟಿಂಗ್ ಸೀಸನ್ ಹಿಂಬಾಲಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಒಲಿಂಪಿಕ್ಸ್ ಬಂದಾಗ ಫಿಗರ್ ಸ್ಕೇಟಿಂಗ್ ನೋಡಿ ಖುಷಿಪಡುತ್ತೀರಿ, ಆಮೇಲೆ ನಾಲ್ಕು ವರ್ಷ ಮರೆತೇ ಹೋಗುತ್ತದೆ. ನಡುವೆ ಏನೇನೋ ಸ್ಪರ್ಧೆಗಳು ನಡೆಯುತ್ತವೆ, ಯಾವುದು ಯಾತಕ್ಕೆ ಅಂತ ತಿಳಿಯುವುದಿಲ್ಲ, ಎಲ್ಲಿಂದ ಶುರು ಮಾಡಲಿ? ಚಿತ್ರದುರ್ಗದವರು ಅಂತಲೂ ಬರೆದಿದ್ದೀರಿ. ನಾನು ದಾವಣಗೆರೆ. ನಮ್ಮಿಬ್ಬರ ಊರಲ್ಲೂ ಐಸ್ ಅಂದರೆ ಕಬ್ಬಿನಹಾಲಿನ ಗಾಡಿಯಲ್ಲಿ ಗೋಣಿಚೀಲ ಸುತ್ತಿ ಇಟ್ಟಿರುವ ಗಡ್ಡೆ, ಅಷ್ಟೇ. ಆದರೂ ಏಳೆಂಟು ವರ್ಷದಿಂದ ನಾನಿದನ್ನು ಬಿಡದೆ ನೋಡುತ್ತಿದ್ದೇನೆ.

ಇಡೀ ಪ್ರಪಂಚದ ಹಿಂದೆ ಓಡಬೇಡಿ. ಒಂದು ದೇಶ ಹಿಡಿಯಿರಿ. ಆ ದೇಶದ ನ್ಯಾಷನಲ್ಸ್, ಅಂದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್, ಯಾವತ್ತು ಅಂತ ನೋಡಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ ನೋಡುತ್ತಾ ಹೋದರೆ ಯಾರು ಯಾವ ಸ್ಪರ್ಧೆಗೆ ಯಾಕೆ ಹೋದರು ಅನ್ನುವುದು ತಾನಾಗೇ ಬಿಚ್ಚಿಕೊಳ್ಳುತ್ತದೆ. ನಾನು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎಲ್ಲದರಲ್ಲೂ ಲೆಕ್ಕ ಹುಡುಕುವುದು ನನ್ನ ಚಾಳಿ ಇರಬಹುದು. ಆದರೆ ಈ ಆಟದಲ್ಲಿ ನಿಜವಾಗಲೂ ಲೆಕ್ಕ ಇದೆ.

ನಾನು ಹಿಡಿದಿದ್ದು ಜಪಾನ್. ಮೊದಲ ಕಾರಣ ತೀರಾ ಸಣ್ಣದು: ಹೊತ್ತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಏಳಾದರೆ ಇಲ್ಲಿ ಮೂರೂವರೆ, ಮಂಡಿಯಲ್ಲಿ ಟೀ ಕುಡಿಯುವ ಹೊತ್ತು. ಅಮೆರಿಕದ್ದು ನೋಡಬೇಕೆಂದರೆ ಬೆಳಗಿನ ಜಾವ ಏಳಬೇಕು, ಯುರೋಪಿನದ್ದಾದರೆ ರಾತ್ರಿ ನಿದ್ದೆಗೆಡಬೇಕು. ಎರಡನೇ ಕಾರಣ, ಅಲ್ಲಿನ ಆಯ್ಕೆ ನಮ್ಮ ಶಾಲಾ ಕ್ರೀಡಾಕೂಟದ ಥರವೇ ಇದೆ. ಹೋಬಳಿ, ತಾಲೂಕು, ಜಿಲ್ಲೆ ಅಂತ ಗೆದ್ದು ಗೆದ್ದು ಮೇಲೆ ಹೋಗುತ್ತಿದ್ದೆವಲ್ಲ, ಹಾಗೆ. ಜಪಾನಿನಲ್ಲಿ ಆರು ಬ್ಲಾಕ್, ಅಂದರೆ ಪ್ರದೇಶಗಳಿವೆ. ಅಲ್ಲಿ ದಾಟಿದವರು ಪೂರ್ವ ಅಥವಾ ಪಶ್ಚಿಮ ವಿಭಾಗದ ಕೂಟಕ್ಕೆ. ಅಲ್ಲೂ ದಾಟಿದರೆ ಡಿಸೆಂಬರ್ ಕೊನೆಯ ನ್ಯಾಷನಲ್ಸ್‌ಗೆ. ಆ ವೇಳೆಗೆ ಗ್ರ್ಯಾನ್ ಪ್ರಿ (ಬೇರೆ ಬೇರೆ ದೇಶಗಳಲ್ಲಿ ನಡೆಯುವ ದೊಡ್ಡ ಅಂತರರಾಷ್ಟ್ರೀಯ ಸರಣಿ) ಸ್ಪರ್ಧೆ ಇರುವವರಿಗೆ ಕೆಳಗಿನ ಮೆಟ್ಟಿಲಿಂದ ವಿನಾಯಿತಿ ಸಿಗುತ್ತದೆ. ನ್ಯಾಷನಲ್ಸ್‌ನಲ್ಲೂ ಶಾರ್ಟ್ ಪ್ರೋಗ್ರಾಂ, ಅಂದರೆ ಮೊದಲ ಚಿಕ್ಕ ಸುತ್ತು, ಮುಗಿದ ಮೇಲೆ ಮೊದಲ 24 ಮಂದಿಗಷ್ಟೇ ಫ್ರೀ ಸ್ಕೇಟ್ ಅನ್ನುವ ಎರಡನೇ ಉದ್ದದ ಸುತ್ತು. ಇಪ್ಪತ್ತೈದನೆಯವರು ಚೀಲ ಕಟ್ಟಬೇಕು. ಎಷ್ಟೋ ಸಲ ನನಗೆ ಪದಕದ ಜಗಳಕ್ಕಿಂತ ಈ 24ನೇ ಜಾಗದ ಜಗಳವೇ ಜಾಸ್ತಿ ಹಿಡಿಸುತ್ತದೆ.

ಈಗ ಕ್ಯಾಲೆಂಡರ್. ಸ್ಕೇಟಿಂಗ್ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ನಮ್ಮ ಶಾಲೆಗಳ ಹಾಗೆ ಮಳೆಗಾಲದ ಜೊತೆ. ಆಗಸ್ಟ್ ಕೊನೆಯಿಂದ ಜೂನಿಯರ್ ಗ್ರ್ಯಾನ್ ಪ್ರಿ. ಇದನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆ ತನ್ನ ಯೂಟ್ಯೂಬ್ ಚಾನೆಲ್‌ನಲ್ಲೇ ಪುಕ್ಕಟೆ ಹಾಕುತ್ತದೆ. ನಿಮ್ಮಂಥ ಹೊಸಬರಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಸೆಪ್ಟೆಂಬರ್‌ನಲ್ಲಿ ಚಾಲೆಂಜರ್ ಸರಣಿ, ಅಂದರೆ ಹೊಸ ಪ್ರೋಗ್ರಾಂ ಹಾಕಿ ನೋಡುವ ಜಾಗ. ಅಲ್ಲಿ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವೂ ಕೆಡಿಸಿಕೊಳ್ಳಬೇಡಿ.

ಅಕ್ಟೋಬರ್, ನವೆಂಬರ್‌ನಲ್ಲಿ ಗ್ರ್ಯಾನ್ ಪ್ರಿ. ನಮ್ಮಲ್ಲಿ ಅದು ಮೆಕ್ಕೆಜೋಳದ ಸುಗ್ಗಿ. ಅಂಗಡಿ ಮುಂದೆ ಲಾರಿ ಸಾಲು ನಿಂತಿರುವಾಗಲೇ ಅಲ್ಲಿ ಸ್ಪರ್ಧೆಯ ಮೇಲೆ ಸ್ಪರ್ಧೆ. ಒಬ್ಬರಿಗೆ ಹೆಚ್ಚೆಂದರೆ ಎರಡು ಸ್ಪರ್ಧೆ. ಮೊದಲ ಸ್ಥಾನಕ್ಕೆ 15 ಅಂಕ, ಎರಡಕ್ಕೆ 13, ಮೂರಕ್ಕೆ 11, ನಾಲ್ಕಕ್ಕೆ 9, ಹೀಗೆ ಇಳಿಯುತ್ತದೆ. ಎರಡೂ ಕೂಡಿಸಿ ಮೊದಲ ಆರು ಮಂದಿ ಡಿಸೆಂಬರ್‌ನ ಫೈನಲ್‌ಗೆ. ಒಂದು ಚಿನ್ನ ಒಂದು ಕಂಚು ಬಂದರೆ 26. ಎರಡು ಬೆಳ್ಳಿ ಬಂದರೂ 26. ಆದರೆ ಸಮ ಆದಾಗ ದೊಡ್ಡ ಸ್ಥಾನ ಯಾರದ್ದು ಅಂತ ನೋಡುತ್ತಾರೆ, ಹಾಗಾಗಿ ಚಿನ್ನ ಇದ್ದವರು ಮುಂದೆ. ಇಂಥ ವಿಷಯ ನೆನಪಿದ್ದರೆ ಕೊನೆಯ ಸ್ಪರ್ಧೆ ನೋಡುವಾಗ ಮಜಾ ಬೇರೆ.

ಇಲ್ಲೇ ಪ್ಲಾನಿಂಗ್ ಬರುವುದು. ಯಾರಿಗೆ ಯಾವ ಗ್ರ್ಯಾನ್ ಪ್ರಿ ಅನ್ನುವ ಪಟ್ಟಿ ಬೇಸಿಗೆ ಮುಗಿಯುವ ಹೊತ್ತಿಗೇ ಬಂದಿರುತ್ತದೆ. ಒಬ್ಬರಿಗೆ ಎರಡು ಸ್ಪರ್ಧೆಗಳ ನಡುವೆ ಮೂರು ವಾರ ಸಿಕ್ಕಿರುತ್ತದೆ, ಇನ್ನೊಬ್ಬರಿಗೆ ಒಂದೇ ವಾರ, ಅದೂ ಖಂಡ ದಾಟಿ. ಫೈನಲ್‌ಗೆ ಹೋದವರು ಜಪಾನಿನವರಾದರೆ ಇನ್ನೊಂದು ಪೇಚು. ಫೈನಲ್ ಮುಗಿದು ಎರಡು ವಾರದ ಆಸುಪಾಸಲ್ಲೇ ನ್ಯಾಷನಲ್ಸ್. ಫೈನಲ್‌ಗೆ ಹೋಗದೆ ಮನೆಯಲ್ಲಿ ಉಳಿದವರು ಆಗ ತಾಜಾ ಇರುತ್ತಾರೆ, ಪದಕ ಗೆದ್ದು ಬಂದವರು ದಣಿದಿರುತ್ತಾರೆ. ಒಲಿಂಪಿಕ್ಸ್ ನಡೆಯುವ ಚಳಿಗಾಲದಲ್ಲಂತೂ ಇದು ಕರುಳು ಹಿಂಡುತ್ತದೆ.

ಒಂದು ಉದಾಹರಣೆ ಹೇಳಿಬಿಡುತ್ತೇನೆ, ನಾನು ಈ ಆಟಕ್ಕೆ ಪೂರ್ತಿ ಸಿಕ್ಕಿಬಿದ್ದಿದ್ದು ಅಲ್ಲೇ. 2021ರ ಡಿಸೆಂಬರ್, ಸೈತಾಮದಲ್ಲಿ ಜಪಾನ್ ನ್ಯಾಷನಲ್ಸ್. ಬೀಜಿಂಗ್ ಒಲಿಂಪಿಕ್ಸ್‌ಗೆ ಮಹಿಳೆಯರಿಗೆ ಮೂರು ಜಾಗ. ಕವೋರಿ ಸಕಮೊಟೊ ಮೊದಲು, ವಕಬ ಹಿಗುಚಿ ಎರಡು, ಮನ ಕವಾಬೆ ಮೂರು. ನಾಲ್ಕನೆಯವಳು ಮಾಯಿ ಮಿಹಾರ. ಸಂಧಿವಾತದ ಕಾಯಿಲೆ ಇದ್ದ ಹುಡುಗಿ. ಹಿಂದೆ ಒಂದು ಇಡೀ ಸೀಸನ್ ಆಡದೆ ಕೂತು ವಾಪಸ್ ಬಂದವಳು. ನಾಲ್ಕನೇ ಸ್ಥಾನಕ್ಕೆ ಸಿಕ್ಕಿದ್ದು ಫೋರ್ ಕಾಂಟಿನೆಂಟ್ಸ್ ಟಿಕೆಟ್, ಅಂದರೆ ಯುರೋಪ್ ಬಿಟ್ಟು ಉಳಿದ ಖಂಡಗಳ ಚಾಂಪಿಯನ್‌ಷಿಪ್. ಒಲಿಂಪಿಕ್ಸ್ ವರ್ಷದಲ್ಲಿ ದೊಡ್ಡವರು ಅದನ್ನು ಬಿಟ್ಟು ತಯಾರಿಗೆ ಕೂರುವುದೇ ಹೆಚ್ಚು. ಅವಳು ಹೋದಳು, 2022ರ ಜನವರಿಯಲ್ಲಿ ತಾಲಿನ್‌ನಲ್ಲಿ ಚಿನ್ನ ಗೆದ್ದಳು. ಆ ವರ್ಷದ ಡಿಸೆಂಬರ್‌ನಲ್ಲಿ ಟುರಿನ್‌ನಲ್ಲಿ ಗ್ರ್ಯಾನ್ ಪ್ರಿ ಫೈನಲ್ ಕೂಡ ಗೆದ್ದಳು. ಒಲಿಂಪಿಕ್ಸ್ ಮಾತ್ರ ನೋಡುವವರಿಗೆ ಇವಳು ಇದ್ದಾಳೆ ಅಂತಲೇ ಗೊತ್ತಿರಲಿಲ್ಲ. ನಾನು ಆ ನಾಲ್ಕನೇ ಸ್ಥಾನದ ಫಲಿತಾಂಶ ಬಂದಾಗ ಚೀಟಿಯಲ್ಲಿ ತೂಕ ತಪ್ಪು ಬರೆದು, ಸಾಹುಕಾರರಿಂದ ಬೈಸಿಕೊಂಡೆ.

ಆಯ್ಕೆಯ ನಿಯಮ ಒಂದೊಂದು ದೇಶಕ್ಕೆ ಒಂದೊಂದು. ಜಪಾನಿನಲ್ಲಿ ನ್ಯಾಷನಲ್ಸ್ ಗೆದ್ದವರು ಸೀದಾ ಒಳಗೆ, ಉಳಿದ ಜಾಗಗಳಿಗೆ ಗ್ರ್ಯಾನ್ ಪ್ರಿ ಫೈನಲ್, ಸೀಸನ್ನಿನ ಅಂಕ ಎಲ್ಲವನ್ನೂ ತೂಗುತ್ತಾರೆ. ಅಮೆರಿಕದಲ್ಲಿ ಸಮಿತಿ ಕೂತು ಹಿಂದಿನ ಸಾಧನೆಯನ್ನೂ ನೋಡುತ್ತದೆ. 2014ರಲ್ಲಿ ನ್ಯಾಷನಲ್ಸ್‌ನಲ್ಲಿ ಮೂರನೆಯವಳಾದ ಮಿರಾಯ್ ನಗಾಸು ಮನೆಯಲ್ಲಿ ಉಳಿದಳು, ನಾಲ್ಕನೆಯ ಆಶ್ಲಿ ವ್ಯಾಗ್ನರ್ ಸೋಚಿ ಒಲಿಂಪಿಕ್ಸ್‌ಗೆ ಹೋದಳು. ನಾಲ್ಕು ವರ್ಷ ಬಿಟ್ಟು ನಗಾಸು ಪ್ಯಾಂಗ್‌ಚಾಂಗ್‌ಗೆ ಹೋಗಿ ಟ್ರಿಪಲ್ ಆಕ್ಸೆಲ್, ಅಂದರೆ ಮೂರೂವರೆ ಸುತ್ತಿನ ಜಿಗಿತ, ಹಾರಿದಳು, ಒಲಿಂಪಿಕ್ಸ್‌ನಲ್ಲಿ ಅದನ್ನು ಮಾಡಿದ ಮೊದಲ ಅಮೆರಿಕನ್ ಮಹಿಳೆ. ಸಮಿತಿ ಮಾಡಿದ್ದು ಸರಿಯಾ ತಪ್ಪಾ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಕೇಳಿದರೆ, ನಿಯಮ ಮೊದಲೇ ಬರೆದಿಟ್ಟಿದ್ದರೆ ಸಾಕು, ಆಮೇಲೆ ಅಳಬಾರದು.

ಈ ಜಾಗಗಳು ಬರುವುದಾದರೂ ಎಲ್ಲಿಂದ? ಹಿಂದಿನ ವರ್ಷದ ವರ್ಲ್ಡ್ಸ್, ಅಂದರೆ ವಿಶ್ವ ಚಾಂಪಿಯನ್‌ಷಿಪ್‌ನಿಂದ. ಅದು ಮಾರ್ಚ್‌ನಲ್ಲಿ. ಒಂದು ದೇಶದ ಒಳ್ಳೆಯ ಇಬ್ಬರ ಸ್ಥಾನ ಕೂಡಿಸಿ 13 ಅಥವಾ ಕಡಿಮೆ ಬಂದರೆ ಮುಂದಿನ ವರ್ಷ ಮೂರು ಜಾಗ, 28ರೊಳಗೆ ಬಂದರೆ ಎರಡು, ಮೇಲೆ ಹೋದರೆ ಒಂದೇ. 2025ರಲ್ಲಿ ಬಾಸ್ಟನ್‌ನಲ್ಲಿ ಸಕಮೊಟೊ ಎರಡನೆಯವಳು, ಮೋನೆ ಚಿಬಾ ಮೂರನೆಯವಳು. ಎರಡೂ ಕೂಡಿ 5, ಆರಾಮಾಗಿ ಮೂರು ಜಾಗ. ಒಬ್ಬರೇ ಹೋದ ಸಣ್ಣ ದೇಶವಾದರೆ ಮೊದಲ ಹತ್ತರೊಳಗೆ ಬಂದರೆ ಎರಡು ಜಾಗ, ಮೊದಲೆರಡರಲ್ಲಿ ಬಂದರೆ ಮೂರು. ಅಂದರೆ ಹತ್ತನೇ ಸ್ಥಾನಕ್ಕೆ ಪ್ರಾಣ ಕೊಟ್ಟು ಆಡುವವನು ತನಗಾಗಿ ಮಾತ್ರ ಆಡುತ್ತಿರುವುದಿಲ್ಲ, ಮುಂದಿನ ವರ್ಷದ ತಮ್ಮನಿಗೋ ತಂಗಿಗೋ ಸೀಟು ಹಿಡಿಯುತ್ತಿರುತ್ತಾನೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ.

ಅಂಕಪಟ್ಟಿ ಓದುವುದನ್ನೂ ಸ್ವಲ್ಪ ಕಲಿಯಿರಿ. ಪ್ರತಿ ಸ್ಪರ್ಧೆ ಮುಗಿದ ಮೇಲೆ ಪ್ರೋಟೋಕಾಲ್ ಅಂತ ಒಂದು ಹಾಳೆ ಬರುತ್ತದೆ. ನೋಡಿದರೆ ನಮ್ಮ ಖಾತೆ ಪುಸ್ತಕವೇ. ಸಾಲಿಗೊಂದು ಜಿಗಿತ, ಪಕ್ಕದಲ್ಲಿ ಅದರ ಮೂಲ ಬೆಲೆ, ಆಮೇಲೆ ತೀರ್ಪುಗಾರರು ಕೊಟ್ಟಿದ್ದು ಕಳೆದಿದ್ದು. ನಾನು ಕಲಿತ ಪಟ್ಟಿಯಲ್ಲಿ ನಾಲ್ಕು ಸುತ್ತಿನ ಟೋ ಲೂಪ್ ಅನ್ನುವ ಜಿಗಿತಕ್ಕೆ 9.50, ಮೂರು ಸುತ್ತಿನದಕ್ಕೆ 4.20. ಗುಣಮಟ್ಟಕ್ಕೆ ಐದು ಕಳೆಯುವುದರಿಂದ ಐದು ಕೂಡುವವರೆಗೆ, ಒಂದೊಂದು ಮೆಟ್ಟಿಲಿಗೆ ಬೆಲೆಯ ಹತ್ತನೇ ಒಂದು ಪಾಲು. ನಾಲ್ಕು ಸುತ್ತು ಹಾರಿ ಬಿದ್ದರೆ ಅರ್ಧ ಹೋಗಿ 4.75 ಉಳಿಯುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ದಂಡ, ಕೈಗೆ ಬರುವುದು 3.75. ಮೂರೇ ಸುತ್ತನ್ನು ಚೆಂದಾಗಿ ಹಾರಿ ಎರಡು ಮೆಟ್ಟಿಲು ಗಳಿಸಿದರೆ 5.04. ಹಾಗಾದರೆ ಯಾರಾದರೂ ಯಾಕೆ ನಾಲ್ಕಕ್ಕೆ ಕೈ ಹಾಕಬೇಕು? ಸುಮಾರಾಗಿ ಇಳಿದರೂ ಎಂಟು ಮೇಲೆ ಬರುತ್ತದೆ ಅಂತ. ನ್ಯಾಷನಲ್ಸ್‌ನಲ್ಲಿ ಮೂರನೇ ಜಾಗಕ್ಕೆ ನಿಂತವನು ಹಾರಬೇಕಾ, ಬಿಡಬೇಕಾ? ಈ ಪ್ರಶ್ನೆ ನಿಮ್ಮ ತಲೆಯಲ್ಲಿ ಬಂತು ಅಂದರೆ ನೀವು ಫಾಲೋ ಮಾಡಲು ಶುರು ಮಾಡಿದ್ದೀರಿ ಅಂತಲೇ ಅರ್ಥ.

ಭಾರತದ್ದು ಯಾಕೆ ಹಿಡಿಯಲಿಲ್ಲ ಅಂತ ಕೇಳಬಹುದು. ಹಿಡಿಯಿರಿ, ಆದರೆ ತಾಳ್ಮೆ ಬೇಕು. ಶಿಮ್ಲಾದಲ್ಲಿ ಹಳೇ ರಿಂಕ್ ಇದೆ, ಅದು ಚಳಿಗೆ ತಾನೇ ಹೆಪ್ಪುಗಟ್ಟಬೇಕು, ಮೋಡ ಕವಿದರೆ ಅವತ್ತು ಆಟ ಇಲ್ಲ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ದೊಡ್ಡ ರಿಂಕ್ ಇದೆ, 2025ರಲ್ಲಿ ಅಲ್ಲಿ ಸ್ಪೀಡ್ ಸ್ಕೇಟಿಂಗ್‌ನ ಏಷ್ಯನ್ ಕೂಟವೂ ನಡೆಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ತಾರಾ ಪ್ರಸಾದ್ ಭಾರತಕ್ಕೆ ಆಡುತ್ತಾಳೆ. ಅವಳ ಫಲಿತಾಂಶ ನಾನು ತಪ್ಪದೆ ನೋಡುತ್ತೇನೆ.

ನಮ್ಮ ಊರಲ್ಲಿರುವುದು ಚಕ್ರದ ಸ್ಕೇಟಿಂಗ್. ಅಣ್ಣನ ಮಗಳು ಸಂಜೆ ಕಲಿಯಲು ಹೋಗುತ್ತಾಳೆ. ಅವಳ ಜೊತೆ ಹೋಗಿ ಕೂತಾಗ ಒಂದು ವಿಷಯ ಗೊತ್ತಾಯಿತು. ಫಿಗರ್ ಸ್ಕೇಟಿಂಗ್ ಅನ್ನುವ ಹೆಸರು ಬಂದಿದ್ದೇ ಐಸ್ ಮೇಲೆ ವೃತ್ತ, ಎಂಟರ ಆಕಾರ ಕೊರೆಯುವುದರಿಂದ. ಐಸ್‌ನವರು ಆ ಭಾಗವನ್ನು 1990ರ ನಂತರ ಕೈಬಿಟ್ಟರು. ಚಕ್ರದವರು ಉಳಿಸಿಕೊಂಡಿದ್ದಾರೆ, ನೆಲದ ಮೇಲೆ ಬಣ್ಣದಲ್ಲಿ ಬರೆದ ವೃತ್ತದ ಗೆರೆ ಬಿಡದೆ ಒಂದೇ ಕಾಲಲ್ಲಿ ಸುತ್ತಬೇಕು. ಅವಳು ನಾಲಿಗೆ ಹೊರಗೆ ಚಾಚಿಕೊಂಡು ಸುತ್ತುತ್ತಾಳೆ, ಗೆರೆ ತಪ್ಪಿದ ಕೂಡಲೇ ನನ್ನ ಕಡೆ ನೋಡುತ್ತಾಳೆ. ಒಂದು ಸಲ ಬೇರೆ ಊರಿನ ಕೂಟಕ್ಕೆ ಬೆಳಗ್ಗೆ ಏಳಕ್ಕೆ ಬನ್ನಿ ಅಂದಿದ್ದರು. ನಾಲ್ಕಕ್ಕೆ ಎದ್ದು ಹೋದೆವು, ಅವಳ ಸರದಿ ಬಂದಿದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಮಗು ಮೂರು ಸಲ ತಿಂದು ಒಂದು ಸಲ ನಿದ್ದೆ ಮಾಡಿತ್ತು. ಇಂಥದ್ದು ಕಂಡ ಮೇಲೆ, ವಾರ್ಮಪ್‌ಗೆ ಆರು ನಿಮಿಷ ಅಂದರೆ ಆರೇ ನಿಮಿಷ ಕೊಡುವ ಕೂಟಗಳ ಬೆಲೆ ತಿಳಿಯಿತು.

ಆದ್ದರಿಂದ ಈ ಆಗಸ್ಟ್‌ಗೆ ಒಂದು ಅಗಲದ ನೋಟ್‌ಬುಕ್ ತಗೊಳ್ಳಿ. ನಾನು ಮಂಡಿಯ ಹಳೇ ರಿಜಿಸ್ಟರ್ ಬಳಸುತ್ತೇನೆ. ಐದು ಹೆಸರು ಬರೆಯಿರಿ, ಜಾಸ್ತಿ ಬೇಡ. ಮೂವರು ಹೆಸರಾದವರು, ಇಬ್ಬರು ಜೂನಿಯರ್. ಪಕ್ಕದಲ್ಲಿ ಅವರವರ ಸ್ಪರ್ಧೆಯ ತಾರೀಕು, ಬಂದ ಅಂಕ, ಬಿದ್ದ ಜಿಗಿತ. ಡಿಸೆಂಬರ್ ಹೊತ್ತಿಗೆ ಯಾರು ಏರುತ್ತಿದ್ದಾರೆ, ಯಾರು ಬೇಗ ಏರಿ ಇಳಿಯುತ್ತಿದ್ದಾರೆ ಅಂತ ಆ ಪುಟವೇ ಹೇಳುತ್ತದೆ.

ಮನೆಯವರು ನಗುತ್ತಾರೆ ಅಂತ ಬರೆದಿದ್ದೀರಲ್ಲ, ನಗಲಿ ಬಿಡಿ. ನಮ್ಮ ಸಾಹುಕಾರರೂ ನಕ್ಕಿದ್ದರು. ಒಂದು ಡಿಸೆಂಬರ್ ಮಧ್ಯಾಹ್ನ ಖಾರ ಮಂಡಕ್ಕಿ ತಿನ್ನುತ್ತಾ ನನ್ನ ಹೆಗಲ ಮೇಲಿಂದ ಫೋನ್ ಇಣುಕಿದರು. "ಏ ತಮ್ಮಾ, ಆ ಹುಡುಗ ಚೆನ್ನಾಗೇ ಹಾರಿದನಲ್ಲೋ, ಅಂಕ ಯಾಕೆ ಕಡಿಮೆ?" ಸುತ್ತು ಪೂರ್ತಿ ಆಗಿರಲಿಲ್ಲ, ಕಾಲು ಸುತ್ತು ಮೊದಲೇ ನೆಲ ಮುಟ್ಟಿದ ಅಂದೆ. "ಹಂಗಾದ್ರೆ ತೂಕದಲ್ಲಿ ಕಡಿತ ಅನ್ನು" ಅಂದರು. ಈಗ ಸುಗ್ಗಿಯ ಭರಾಟೆ ಇಳಿಯುತ್ತಿದ್ದ ಹಾಗೆ ಅವರೇ ಕೇಳುತ್ತಾರೆ, ಈ ಸಲ ಜಪಾನಿನದ್ದು ಯಾವತ್ತೋ ಅಂತ.