ಕ್ರಿಯಾಟಿನಿನ್ ನಾರ್ಮಲ್ ಇದೆ, ಮತ್ಯಾಕೆ ಚಿಂತೆ?

ಪತ್ರ: "ನಮ್ಮ ಯಜಮಾನರಿಗೆ 42 ವರ್ಷ. ಐದೂವರೆ ಅಡಿ ಎತ್ತರ, 96 ಕೆಜಿ ತೂಕ. ದಿನವಿಡೀ ಅಂಗಡಿಯಲ್ಲಿ ಕೂತು ಕೆಲಸ. ಶುಗರ್ ಇಲ್ಲ. ಮೊನ್ನೆ ಮೂತ್ರ ಪರೀಕ್ಷೆಯಲ್ಲಿ ಅಲ್ಬುಮಿನ್ ಎರಡು ಪ್ಲಸ್ ಬಂತು. ತೂಕ ಇಳಿಸಿ, ಇಲ್ಲದಿದ್ದರೆ ಕಿಡ್ನಿಗೆ ಕಷ್ಟ ಅಂದರು ಡಾಕ್ಟರು. 'ಕ್ರಿಯಾಟಿನಿನ್ 1.1, ನಾರ್ಮಲ್ ಇದೆ, ನೋವೂ ಇಲ್ಲ' ಅಂತ ಇವರು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಹೊಟ್ಟೆಗೂ ಕಿಡ್ನಿಗೂ ಏನು ಸಂಬಂಧ? ಇವರಿಗೆ ಅಂತ ಬೇರೆ ಅಡುಗೆ ಮಾಡಬೇಕಾ?"
ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನನ್ನ ಸೋದರಮಾವ ನೆನಪಾದರು. "ನೋವಿಲ್ಲವಲ್ಲ" ಅಂತ ಅವರೂ ಹೇಳುತ್ತಿದ್ದರು. ಕೊನೆಗೆ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಅತ್ತೆ ಬೆಳಿಗ್ಗೆ ಒಂದು ಸಣ್ಣ ಬಾಟಲಿಗೆ ನೀರು ತುಂಬಿಡುತ್ತಿದ್ದರು. ಇಡೀ ದಿನಕ್ಕೆ ಅಷ್ಟೇ. ಮಾತ್ರೆ ನುಂಗುವುದೂ ಅದರಲ್ಲೇ. ಬೇಸಿಗೆಯ ಮಧ್ಯಾಹ್ನ ಮಾವ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿಡ್ನಿ ಸಾಮಾನ್ಯವಾಗಿ ಮೊದಲೇ ನೋಯುವುದಿಲ್ಲ. ಅದಕ್ಕೇ ನೋವಿಗಾಗಿ ಕಾಯಬಾರದು.

ಈಗ ಹೊಟ್ಟೆ ಮತ್ತು ಕಿಡ್ನಿಯ ವಿಷಯ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ರಕ್ತಕ್ಕೆ ಕೊಟ್ಟು, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಕಳಿಸುತ್ತವೆ. ಹುಟ್ಟುವಾಗ ಎಷ್ಟು ಜರಡಿ ಇರುತ್ತವೋ ಅಷ್ಟೇ. ಆಮೇಲೆ ಹೊಸದು ಹುಟ್ಟುವುದಿಲ್ಲ. ತೂಕ 60ರಿಂದ 96ಕ್ಕೆ ಏರಿದರೆ ಅಷ್ಟೂ ಮೈಯ ಕೆಲಸವನ್ನು ಅವೇ ಜರಡಿಗಳು ಮಾಡಬೇಕು. ಒಳಗಿನ ಒತ್ತಡ ಏರುತ್ತದೆ, ಜರಡಿ ಊದಿಕೊಳ್ಳುತ್ತದೆ, ಅದರ ತೂತುಗಳು ಹಿಗ್ಗುತ್ತವೆ. ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಸೋರಿಹೋಗುತ್ತದೆ. ಮೂತ್ರದಲ್ಲಿ ನೊರೆ ಬಂದು ಬೇಗ ಆರದಿದ್ದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು. ಹೀಗೇ ವರ್ಷಗಟ್ಟಲೆ ನಡೆದರೆ ಜರಡಿ ಗಾಯವಾಗಿ ಗಟ್ಟಿಯಾಗುತ್ತದೆ. ಕಿಡ್ನಿ ಸುತ್ತ ಕಟ್ಟಿಕೊಂಡ ಕೊಬ್ಬೂ ಅದನ್ನು ಒತ್ತುತ್ತದೆ, ಬಿಪಿ ಏರಿಸುತ್ತದೆ. ಶುಗರ್ ಇಲ್ಲದವರಿಗೂ ಇದು ಆಗುತ್ತದೆ. ವೈದ್ಯರು ಇದನ್ನು 1974ರಲ್ಲೇ ಗುರುತಿಸಿದ್ದಾರೆ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಒಂದು ಕಸ. ಅದೊಂದನ್ನೇ ನಂಬಿಕೊಂಡು ಕೂರಬೇಡಿ. ಎಷ್ಟೋ ಜನರಲ್ಲಿ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ನಾರ್ಮಲ್ ಅಂತಲೇ ತೋರಿಸುತ್ತದೆ. ಅಲ್ಬುಮಿನ್ ಅದಕ್ಕಿಂತ ಬಹಳ ಮುಂಚೆ ಹೇಳುತ್ತದೆ. ಜ್ವರ, ಸೋಂಕು ಇದ್ದಾಗಲೂ ಕೆಲವೊಮ್ಮೆ ಅಲ್ಬುಮಿನ್ ಹೋಗುವುದುಂಟು. ಹಾಗಾಗಿ ಇನ್ನೊಮ್ಮೆ ಪರೀಕ್ಷೆ ಆಗಲಿ. ಅಲ್ಬುಮಿನ್ ಎಷ್ಟು ಸೋರುತ್ತಿದೆ ಅಂತ ಅಳೆಯುವ 'ಎಸಿಆರ್' ಎಂಬ ಮೂತ್ರ ಪರೀಕ್ಷೆ ಕೇಳಿ. ರಿಪೋರ್ಟಿನಲ್ಲಿ ಅದು 30 mg/g ಒಳಗಿದ್ದರೆ ಒಳ್ಳೆಯದು. ಬಿಪಿಯನ್ನೂ ನೋಡಿಸಿ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ.

ಮನೆತನವೇ ದಪ್ಪ ಅನ್ನುವವರು ಒಂದು ಟೇಪು ತಂದು ಸೊಂಟ ಅಳೆದರೆ ಸಾಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ಹೇಳುವ ಬಿಎಂಐ ಲೆಕ್ಕ 25 ದಾಟಿದರೇ ನಮ್ಮಲ್ಲಿ ಬೊಜ್ಜು. ನಿಮ್ಮ ಯಜಮಾನರದು 34.

ಊಟಕ್ಕೆ ಬರೋಣ. ದಾವಣಗೆರೆಯವರಿಗೆ ಬೆಣ್ಣೆ ದೋಸೆ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಿಡಿ ಅನ್ನುವುದು ಕಷ್ಟ, ನನಗೆ ಗೊತ್ತು. ದಿನಾ ಬೇಡ, ಯಾವಾಗಲಾದರೂ ಒಮ್ಮೆ ಆಗಲಿ. ಉಪ್ಪಿನ ಮೇಲೆ ಮಾತ್ರ ಕಣ್ಣಿಡಲೇಬೇಕು. ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಸಾರು, ಪಲ್ಯದಲ್ಲೇ ಅದು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಅದರ ಮೇಲಿನದ್ದು. ಬಜ್ಜಿಗೆ ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. 'ಲೋ ಸೋಡಿಯಂ' ಉಪ್ಪು ತರುವ ಮುನ್ನ ಡಾಕ್ಟರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋತ ಕಿಡ್ನಿಗೆ ಅಪಾಯ.

ಬೇಗ ಸಣ್ಣಗಾಗಲು ಅಂತ ಪಾಲಕ್ ಜ್ಯೂಸು, ಪ್ರೋಟೀನ್ ಪೌಡರು ಶುರು ಮಾಡಬೇಡಿ. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಸುಮ್ನೆ ತಂದು ನುಂಗುವುದಂತೂ ಬೇಡವೇ ಬೇಡ. ತೂಕ ಜಾಸ್ತಿ ಇರುವವರಿಗೆ ಮಂಡಿ ನೋಯುವುದು ಸಹಜ, ಆ ಮಾತ್ರೆಗಳಲ್ಲಿ ಹಲವು ಕಿಡ್ನಿಗೇ ಪೆಟ್ಟು ಕೊಡುತ್ತವೆ.

ಇಷ್ಟೆಲ್ಲ ಹೆದರಿಸಿದ್ದು ಯಾಕೆಂದರೆ ಈಗಿನ್ನೂ ಕಾಲ ಮಿಂಚಿಲ್ಲ. 96ರಲ್ಲಿ ಏಳೆಂಟು ಕೆಜಿ ನಿಧಾನವಾಗಿ ಇಳಿದರೂ ಸೋರುವ ಅಲ್ಬುಮಿನ್ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ನನ್ನ ಮಾವನಿಗೆ ಆ ಅವಕಾಶವಿತ್ತು, ನಾವ್ಯಾರೂ ಒತ್ತಿ ಹೇಳಲಿಲ್ಲ.

ಬೇರೆ ಅಡುಗೆ ಬೇಡ. ಒಬ್ಬರ ತಟ್ಟೆಗೆ ಸಪ್ಪೆ, ಉಳಿದವರಿಗೆ ಹಪ್ಪಳ ಅಂದರೆ ಎರಡು ವಾರವೂ ನಡೆಯುವುದಿಲ್ಲ. ಎಲ್ಲರಿಗೂ ಒಂದೇ ಸಾರು ಮಾಡಿ, ಉಪ್ಪು ದಿನದಿನಕ್ಕೆ ಸ್ವಲ್ಪ ಇಳಿಸಿ. ಮೂರು ನಾಲ್ಕು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಅವರು ಸ್ಕೂಟರ್ ಬಿಟ್ಟು ನಡೆದು ಬರಲಿ, ನೀವೂ ಅರ್ಧ ದಾರಿ ಎದುರು ಹೋಗಿ. ಮುಂದಿನ ರಿಪೋರ್ಟ್ ಬಂದಾಗ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.