ವೀಟೊ ಡಿಟೆಕ್ಟರಿನ ಥ್ರೆಶೋಲ್ಡ್ ಇಳಿಸಿದರೆ ಸಾಕೇ?

ಕೊಣಾಜೆಯ ಎಂಎಸ್ಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಅಪರೂಪದ ಕಣಕ್ಷಯ (ಒಂದು ಕಣ ಒಡೆದು ಬೇರೆ ಕಣಗಳಾಗುವುದು) ಹುಡುಕುವಾಗ ಬ್ಯಾಕ್‌ಗ್ರೌಂಡ್ (ಹುಡುಕುವ ಕ್ಷಯದಂತೆಯೇ ಕಾಣುವ ಬೇಡದ ಘಟನೆಗಳು) ತಗ್ಗಿಸಲು, ಬೇಡದ ಕಣ ಕಂಡೊಡನೆ ಆ ಘಟನೆಯನ್ನು ತಳ್ಳಿಹಾಕುವ ವೀಟೊ ಡಿಟೆಕ್ಟರಿನ ಥ್ರೆಶೋಲ್ಡ್ (ಹಿಟ್ ಎಂದು ಎಣಿಸಲು ಬೇಕಾದ ಕನಿಷ್ಠ ಸಂಕೇತ) ಆದಷ್ಟು ಕೆಳಗಿಟ್ಟರೆ ಸಾಲದೇ?

ಸಾಲದು. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎನ್‌ಎ62 ಪ್ರಯೋಗವನ್ನೇ ನೋಡಿ. ಕೇಯಾನ್ ಎಂಬ ಅಲ್ಪಾಯುಷಿ ಕಣ ಒಡೆದು ಅದಕ್ಕಿಂತ ಹಗುರವಾದ ಒಂದು ಪಯಾನ್, ಜೊತೆಗೆ ಡಿಟೆಕ್ಟರಿಗೆ ಕಾಣದ ನ್ಯೂಟ್ರಿನೊ ಜೋಡಿ ಬರಬೇಕು; ಇದು 1000 ಕೋಟಿಗೆ ಒಂದರ ಆಸುಪಾಸು. ಅದೇ ಕೇಯಾನ್ 100ಕ್ಕೆ ಸುಮಾರು 21 ಸಲ ಎರಡು ಪಯಾನ್ ಆಗುತ್ತದೆ. ಅದರಲ್ಲಿ ತಟಸ್ಥವಾದದ್ದು ಕ್ಷಣದಲ್ಲೇ ಎರಡು ಫೋಟಾನ್ ಆಗುತ್ತದೆ. ಎರಡೂ ಕಣ್ತಪ್ಪಿದರೆ ಉಳಿದು ಕಾಣುವುದು ಒಂದೇ ಪಯಾನ್; ಅದನ್ನೇ ಸಿಗ್ನಲ್, ಅಂದರೆ ಹುಡುಕುತ್ತಿದ್ದ ಕ್ಷಯ, ಎಂದು ಮೋಸಹೋಗುತ್ತೇವೆ.

ಹಾಗಾಗಿ ಮೊದಲು ನೋಡಬೇಕಾದ್ದು ಫೋಟಾನ್ ನುಸುಳಬಲ್ಲ ಸಂದುಗಳನ್ನು. ಮಲ್ಪೆಯ ಬಲೆ ಎಷ್ಟೇ ಗಟ್ಟಿಯಿದ್ದರೂ ಹರಿದ ಕಡೆ ಮೀನು ನುಸುಳಿಯೇ ನುಸುಳುತ್ತದೆ. ಇಲ್ಲಿ ಕೇಬಲ್ ಹೊರಬರುವ ಜಾಗ, ಕಿರಣದ ಕೊಳವೆ, ಚೌಕಟ್ಟಿನ ಲೋಹ ಇವೇ ಆ ಹರಕುಗಳು. ಎನ್‌ಎ62 ದೊಡ್ಡ ಕೋನದ ಫೋಟಾನ್‌ಗಳಿಗಾಗಿ ಹಳೆಯ ಓಪಲ್ ಪ್ರಯೋಗದ ಸೀಸದ ಗಾಜನ್ನೇ 12 ಕಡೆ ಉಂಗುರಗಳಾಗಿ ಜೋಡಿಸಿತು (ಇಂಥ ಜಿಪುಣತನ ನನಗಿಷ್ಟ). ಮುಂದಕ್ಕೆ ಹೋಗುವವಕ್ಕೆ ದ್ರವ ಕ್ರಿಪ್ಟಾನ್ ತುಂಬಿದ ಡಿಟೆಕ್ಟರ್ ಇದೆ.

ಥ್ರೆಶೋಲ್ಡ್ ತೀರಾ ಇಳಿಸಿದರೆ ನಾಯ್ಸ್, ಸಂಬಂಧವಿಲ್ಲದ ಕಣಗಳು ಎಲ್ಲವೂ ವೀಟೊ ಹಾಕುತ್ತವೆ. ಲೆಕ್ಕ ಹಾಕಿ: ಸೆಕೆಂಡಿಗೆ 1 ಕೋಟಿ ಹಿಟ್, 10 ನ್ಯಾನೊಸೆಕೆಂಡಿನ ಟೈಮ್ ವಿಂಡೋ (ಹಿಟ್ ಬಿದ್ದರೆ ಘಟನೆಯನ್ನು ತಳ್ಳಿಹಾಕುವ ಅವಧಿ) ಇದ್ದರೆ ಸುಮಾರು ಶೇ. 10ರಷ್ಟು ಒಳ್ಳೆಯ ಘಟನೆಗಳೂ ಕಸದಬುಟ್ಟಿಗೆ. ವೇಗದ ಡಿಟೆಕ್ಟರಿನಿಂದ ವಿಂಡೋ ಅರ್ಧಕ್ಕಿಳಿದರೆ ಈ ನಷ್ಟವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇದ್ದ ಹಣವನ್ನು ನಾನಾದರೆ ವೇಗದ ಡಿಟೆಕ್ಟರಿಗೇ ಹಾಕುತ್ತೇನೆ.