ಹುಳು ಮನೇಲಿ ನಿಲ್ಸಿರೋ ಹಳೇ ಅಂಬಾಸಿಡರ್‌ ಪಕ್ಕ ಚಳಿಗಾಲದಲ್ಲಿ ಇದ್ದಿಲ ಒಲೆ ಇಡಬಹುದಾ?

ಬೇಡ ಅಣ್ಣ, ಇದ್ದಿಲ ಒಲೆ ಮಾತ್ರ ಖಂಡಿತ ಬೇಡ. ನೀವು ಕೇಳಿರೋದು ಇಷ್ಟು ತಾನೆ, ಶಿಡ್ಲಘಟ್ಟದ ಹತ್ರ ಈಗ ಖಾಲಿ ಬಿದ್ದಿರೋ ರೇಷ್ಮೆ ಹುಳು ಮನೇಲಿ ತಂದೆಯವರ ಪೆಟ್ರೋಲ್ ಅಂಬಾಸಿಡರ್ ನಿಲ್ಸಿದೀರ, ಡಿಸೆಂಬರ್ ಬಂತು ಅಂದ್ರೆ ಬೆಳಗ್ಗೆ ಬಾನೆಟ್ ಮೇಲೆಲ್ಲಾ ನೀರು, ಹುಳಕ್ಕೆ ಇಡ್ತಿದ್ದ ಒಲೇನೇ ರಾತ್ರಿ ಕಾರ್ ಪಕ್ಕ ಇಟ್ಟು ಬಾಗಿಲು ಹಾಕ್ಬಿಡೋದಾ, ಇಲ್ಲಾ ಹೊರದೇಶದ ಗ್ಯಾರೇಜ್ ವಿಡಿಯೋದಲ್ಲಿ ತೋರಿಸೋ ಥರ ಹೀಟರ್ ತಗೊಳ್ಳೋದಾ ಅಂತ. ನಾನು ಚಿಂತಾಮಣೀಲಿ ಗಾಡಿ ವೈರಿಂಗು, ಬ್ಯಾಟ್ರಿ ಕೆಲಸ ಮಾಡೋನು, ನಮ್ಮನೇಲೂ ಹುಳು ಮೇಯ್ಸಿದ್ವಿ, ಎರಡೂ ಗೊತ್ತಿರೋದ್ರಿಂದ ಸ್ವಲ್ಪ ಉದ್ದಕ್ಕೇ ಬರೀತೀನಿ.

ಹುಳಕ್ಕೆ ಶಾಖ ಬೇಕೇ ಬೇಕು, ಚಾಕಿ ಹುಳಕ್ಕೆ, ಅಂದ್ರೆ ಮರಿ ಹುಳಕ್ಕೆ, 26ರಿಂದ 28 ಡಿಗ್ರಿ, ದೊಡ್ಡದಾದ್ಮೇಲೆ 24ರ ಆಸುಪಾಸು. ಕಾರಿಗೆ ಅದ್ಯಾವ್ದೂ ಬೇಡ. ನಮ್ ಕಡೆ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದ್ರೆ ನಡುಗೋದು ನಾವು, ಕಾರಿಗೆ ಏನೂ ಆಗಲ್ಲ. ಕೆನಡಾದಂಥ ಕಡೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗತ್ತೆ, ರೇಡಿಯೇಟರ್‌ನಲ್ಲಿ ಬರೀ ನೀರಿದ್ರೆ ಗಡ್ಡೆ ಕಟ್ಟಿ ಇಂಜಿನ್ ಬ್ಲಾಕೇ ಸೀಳ್ಕೊಳ್ಳತ್ತೆ, ಚಾರ್ಜ್ ಇಳಿದ ಬ್ಯಾಟ್ರಿ ಒಳಗಿನ ಆಸಿಡ್ ನೀರೂ ಹೆಪ್ಪುಗಟ್ಟತ್ತೆ, ಅದಕ್ಕೇ ಅವ್ರು ಗ್ಯಾರೇಜಿಗೆ ಹೀಟರ್ ಹಾಕ್ಸೋದು. ನಿಮ್ ಕಾರಿಗೆ ಇರೋ ಕಾಟ ತೇವದ್ದು.

ಈಗ ಒಲೆ ಯಾಕೆ ಬೇಡ ಅಂದ್ರೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ನೆಲದ ಮೇಲೇ ಹರಡ್ಕೊಂಡು ಕೂತಿರತ್ತೆ, ಮೈನಸ್ 40 ಡಿಗ್ರಿ ಚಳೀಲೂ ಕಿಡಿ ತಾಗಿದ್ರೆ ಹತ್ತಿಕೊಳ್ಳೋ ಅಷ್ಟು ಆವಿ ಬಿಡೋ ವಸ್ತು ಅದು. ಒಲೆ ಇಡೋದೂ ನೆಲದ ಮೇಲೇ. ಕೆಂಪಗೆ ಕಾಯೋ ಕಾಯಿಲ್ ಹೀಟರ್‌ಗೂ ಇದೇ ಮಾತು. ಅಮೆರಿಕದಲ್ಲಿ ಗ್ಯಾರೇಜ್ ಒಳಗಿನ ಹೀಟರ್‌ನಲ್ಲಿ ಕಿಡಿ, ಉರಿ ಬರೋ ಭಾಗ ನೆಲದಿಂದ ಕನಿಷ್ಠ 18 ಇಂಚು ಮೇಲಿರ್ಬೇಕು ಅಂತ ನಿಯಮ ಇರೋದು ಇದಕ್ಕೇ. ಇನ್ನು ಇದ್ದಿಲಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ, ವಾಸ್ನೆ ಇಲ್ಲ, ಬಣ್ಣ ಇಲ್ಲ, ಬೆಳಗ್ಗೆ ಬಾಗಿಲು ತೆಗೆದು ಒಳಗೆ ಹೋದವ್ರಿಗೆ ತಲೆ ತಿರುಗೋವರ್ಗೂ ಗೊತ್ತೇ ಆಗಲ್ಲ, ನಿಮ್ ಶೆಡ್ಡಿಗೂ ಮನೆಗೂ ಒಂದೇ ಗೋಡೆ ಅಂತ ಬೇರೆ ಬರ್ದಿದೀರ, ಮಲಗಿರೋ ರೂಮಿಗೂ ನುಗ್ಗಬಹುದು. ಗ್ಯಾಸ್ ಹೀಟರ್ ಆದ್ರೆ ಆಗತ್ತಾ ಅಂತ ಕೇಳೋರಿದಾರೆ. ಒಂದು ಕೆಜಿ ಗ್ಯಾಸ್ ಉರಿದ್ರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟತ್ತೆ, ಅದೆಲ್ಲಾ ತಣ್ಣಗಿರೋ ತಗಡಿನ ಮೇಲೆ ಕೂರೋದು, ಅಂದ್ರೆ ತೇವ ಓಡಿಸೋಕೆ ಹೋಗಿ ಮತ್ತಷ್ಟು ತೇವ ತಂದ ಹಾಗೆ.

ಮೊದ್ಲು ಬಾನೆಟ್ ಎತ್ತಿ. ಪೆಟ್ರೋಲ್ ಪಂಪಿಂದ ಕಾರ್ಬುರೇಟರ್‌ಗೆ ಹೋಗೋ ರಬ್ಬರ್ ಪೈಪ್ ಇದೆಯಲ್ಲಾ, ಅದನ್ನ ಬೆರಳಲ್ಲಿ ಹಗೂರಕ್ಕೆ ಬಗ್ಗಿಸಿ. ಬಗ್ಗಿದ ಕಡೆ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ರೆ, ಇಲ್ಲಾ ಕ್ಲಿಪ್ ಹತ್ರ ಕಂದು ಕಲೆ ಕಟ್ಟಿ ಬೆರಳಿಗೆ ಪೆಟ್ರೋಲ್ ವಾಸ್ನೆ ಅಂಟಿದ್ರೆ ಅವತ್ತೇ ಪೈಪ್ ಬದಲಾಯ್ಸಿ. ಈಗ ಬರೋ ಪೆಟ್ರೋಲ್‌ನಲ್ಲಿ 20% ತನಕ ಎಥನಾಲ್ ಇರತ್ತೆ, ಹಳೇ ರಬ್ಬರಿಗೆ ಅದು ಆಗಿ ಬರಲ್ಲ, ಎಥನಾಲ್ ನೀರನ್ನೂ ಎಳ್ಕೊಳ್ಳತ್ತೆ, ಹಾಗಾಗಿ ಎಥನಾಲ್‌ಗೆ ಆಗೋ ಪೈಪೇ ಕೇಳಿ ಹಾಕ್ಸಿ.

ತೇವಕ್ಕೆ ಮದ್ದು ಗಾಳಿ. ಬೆಳಗ್ಗೆ ಮಂಜಿರೋವಾಗ ಬಾಗಿಲು ತೆಗೀಬೇಡಿ, ಹನ್ನೊಂದರ ಮೇಲೆ ಬಿಸಿಲು ಬಲಿತಾಗ ತೆಗ್ದು ಸಂಜೆ ಇಬ್ಬನಿ ಬೀಳೋಕೆ ಮುಂಚೆ ಹಾಕಿ. ರೇಷ್ಮೆ ಹುಳಾನ ಕಾಡೋ ಊಜಿ ನೊಣ ಬರ್ದಿರ್ಲಿ ಅಂತ ಕಿಟಕಿಗೆ ಹೊಡೆದಿರೋ ಮೆಶ್ ಇರ್ಲಿ, ಇಲಿ ಒಳಗೆ ಬಂದು ವೈರ್ ಕಡಿಯೋದನ್ನೂ ಅದು ಸ್ವಲ್ಪ ತಡೆಯತ್ತೆ, ಆದ್ರೆ ಅದರ ಮೇಲೆ ಮುಚ್ಚಿರೋ ಪ್ಲಾಸ್ಟಿಕ್ ತೆಗ್ದುಬಿಡಿ, ಕೆಳಗಿನ ವೆಂಟಿಲೇಟರ್ ಅಂತೂ ಯಾವತ್ತೂ ತೆಗ್ದಿರ್ಲಿ, ಪೆಟ್ರೋಲ್ ಆವಿ ಆಚೆ ಹೋಗೋ ದಾರಿ ಅದೇ. ಮಣ್ಣಿನ ನೆಲ ಆದ್ರೆ ಕಾರ್ ಕೆಳಗೆ ದಪ್ಪ ಟಾರ್ಪಾಲು ಹಾಸಿ, ಮೇಲೆ ಹೊದಿಸೋದು ಮಾತ್ರ ಬಟ್ಟೆ ಕವರ್.

ಬ್ಯಾಟ್ರಿಯ ಮೈನಸ್ ವೈರ್ ಬಿಚ್ಚಿಡಿ, ಮೀಟರಲ್ಲಿ 12.6 ವೋಲ್ಟ್ ಬಂದ್ರೆ ಫುಲ್, 12.4ರ ಕೆಳಗಿಳಿದ್ರೆ ಆಚೆ ತಂದು ಗಾಳಿ ಆಡೋ ಕಡೆ ಚಾರ್ಜ್ ಮಾಡಿ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರತ್ತೆ. ಬಾಗಿಲು ಹಾಕ್ಕೊಂಡು ಇಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡೋ ಅಭ್ಯಾಸ ಇದ್ರೆ ದಯವಿಟ್ಟು ಬಿಡಿ, ಓಡ್ಸೋದಾದ್ರೆ ಅರ್ಧ ಗಂಟೆ ರೋಡಲ್ಲೇ ಓಡ್ಸಿ, ಸುಮ್ನೆ ನಿಂತಲ್ಲೇ ಆನ್ ಮಾಡಿಟ್ರೆ ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯತ್ತೆ.

ರಾತ್ರಿ ಕೂತು ರಿಪೇರಿ ಮಾಡೋಕೆ ನಿಮಗೇ ಬಿಸಿ ಬೇಕು ಅಂದ್ರೆ ಎಣ್ಣೆ ತುಂಬಿರೋ ರೇಡಿಯೇಟರ್ ಹೀಟರ್ ತಗೊಳ್ಳಿ, ಅದ್ರಲ್ಲಿ ಕಾಯಿಲ್ ಆಚೆ ಕಾಣಲ್ಲ. ಆದ್ರೂ ಅದರೊಳಗಿನ ಸ್ವಿಚ್ ಕಿಡಿ ಹಾರಿಸ್ಬಹುದು, ಹಾಗಾಗಿ ಪೆಟ್ರೋಲ್ ಪೈಪ್, ಕಾರ್ಬುರೇಟರ್ ಬಿಚ್ಚೋ ದಿನ ಹೀಟರ್ರೇ ಬೇಡ. ಬೇರೆ ದಿನ ಕಾರಿಂದ ದೂರ, ಗಟ್ಟಿಯಾದ ಎತ್ತರದ ಕಟ್ಟೆ ಮೇಲಿಟ್ಟು, ನೀವು ಒಳಗಿರೋವರ್ಗೂ ಮಾತ್ರ ಹಾಕಿ. 2000 ವಾಟ್‌ದು 9 ಆಂಪ್ ಹತ್ರ ಎಳೆಯತ್ತೆ, 16 ಆಂಪ್ ಸಾಕೆಟ್ಟೇ ಆಗ್ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ಇನ್ನೊಂದು, ಹುಳು ಮನೆ ತೊಳೆಯೋಕೆ ತಂದಿದ್ದ ಬ್ಲೀಚಿಂಗ್ ಪೌಡರ್ ಚೀಲ ಮೂಲೇಲಿ ಉಳ್ದಿದ್ರೆ ಇವತ್ತೇ ಆಚೆ ಸಾಗ್ಸಿ. ಅದ್ರಿಂದ ಬರೋ ಕ್ಲೋರಿನ್‌ಗೆ ಕಬ್ಬಿಣ ಬೇಗ ತುಕ್ಕು ಹಿಡಿಯತ್ತೆ, ಅದರ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದ್ರೆ ತಾನಾಗೇ ಬಿಸಿಯೇರಿ ಬೆಂಕಿ ಹತ್ಕೊಳ್ಳಬಹುದು, ಎರಡನ್ನೂ ಒಂದೇ ಶೆಡ್ಡಲ್ಲಿ ಇಡ್ಲೇಬೇಡಿ.